ಎಡಗೈ ಹೆಬ್ಬೆಟ್ಟು

ಮೊನ್ನೆ ಭಾನುವಾರ ನನ್ನ ತಂಗಿಯ ಮಗಳು ಹೈದರಾಬಾದಿನ ಮಣಿಕೊಂಡದ ನಮ್ಮ ಮನೆಗೆ ಬಂದವಳು, ಊಟ ಮುಗಿಸಿ ಸೋಫಾದ ಮೇಲೆ ಕಾಲು ಮಡಚಿ ಕೂತು ಉಗುರಿನ ಬಣ್ಣ ತೆಗೆಯಲು ಶುರುಮಾಡಿದಳು. ಒಂದು ಪುಟ್ಟ ಬಾಟಲಿ, ಒಂದಿಷ್ಟು ಹತ್ತಿ. ಮುಚ್ಚಳ ತೆಗೆದದ್ದಷ್ಟೇ, ಅಡುಗೆಮನೆಯಲ್ಲಿದ್ದ ನನ್ನ ಕೈಯಿಂದ ಸೌಟು ಜಾರಿ ಬಿತ್ತು. "ಏ ಹುಡುಗಿ, ಮೊದಲ ಬಾಲ್ಕನಿಗೆ ಹೋಗು! ಗ್ಯಾಸ್ ಉರೀಲಿಕತ್ತದ ಇಲ್ಲಿ!" ಎಂದು ಕಿರುಚಿದೆ. "ದೊಡ್ಡಮ್ಮ, ನೇಲ್ ಪಾಲಿಶ್ ತಗಿಯೋ ನೀರದು, ಬಾಂಬ್ ಅಲ್ಲ" ಎಂದು ಅವಳು ನಕ್ಕಳು.

ಬಾಂಬಲ್ಲ, ನಿಜ. ಅದು ಅಸಿಟೋನ್. ಅವಳ ಪಾಲಿಗೆ ಬಾಟಲಿಯ ಚೀಟಿಯ ಮೇಲಿನ ಒಂದು ಹೆಸರು. ನನಗೆ ಹನ್ನೊಂದು ವರ್ಷ ಸೀರೆಯಲ್ಲಿ, ತಲೆಗೂದಲಲ್ಲಿ, ಊಟದ ಡಬ್ಬಿಯಲ್ಲಿ ಕೂತಿದ್ದ ವಾಸನೆ. ಅದರ ಹಿಂದೆಯೇ ಒಂದು ವರ್ಷ ಇಡಿಯಾಗಿ ಎದ್ದು ಬಂತು, ಒಂದು ಮೃಗಶಿರಾ ಮಳೆಯಿಂದ ಮುಂದಿನ ಮಳೆಗಾಲದವರೆಗೆ. ಆ ವರ್ಷ ನಾನು ಒಬ್ಬ ಮನುಷ್ಯನಿಂದ ಅವನು ಮಾಡದ ತಪ್ಪನ್ನು ಒಪ್ಪಿಸಿದೆ. ಹೊಡೆದು ಬಡಿದು ಅಲ್ಲ. ಕನ್ನಡದಲ್ಲಿ, ತಲೆ ಸವರಿ ಒಪ್ಪಿಸಿದೆ.

ಆಗ ನಾನು ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯ ಟೈಂ ಆಫೀಸಿನಲ್ಲಿದ್ದೆ. ಕಾರ್ಮಿಕರ ಹಾಜರಿ, ರಜೆ, ಕೈಗವಸು, ಬೂಟು, ಪಗಾರದ ದಿನದ ಸಹಿ, ಎಲ್ಲವೂ ನನ್ನ ಕಿಟಕಿಯ ಮುಂದೆಯೇ ನಡೆಯಬೇಕು. ಕೆಲಸಗಾರರಲ್ಲಿ ತೆಲುಗಿನವರು, ಒಡಿಶಾದವರು, ಬಿಹಾರದವರು ಇದ್ದರು. ಜೊತೆಗೆ ಯಾದಗಿರಿ, ರಾಯಚೂರು ಕಡೆಯಿಂದ ಬಂದ ನಮ್ಮ ಮಂದಿ ಮೂವತ್ತು ನಲವತ್ತು ಜನ. ನಾನು ಸೇಡಂನವಳು. ಕಿಟಕಿಯಾಚೆ ಕನ್ನಡ ಕೇಳಿಸಿದರೆ ಸಾಕು, ನನ್ನ ದನಿಯೇ ಬದಲಾಗುತ್ತಿತ್ತು. ಅವರೆಲ್ಲರ ಬಾಯಲ್ಲಿ ನಾನು "ಗಿರಿಜಕ್ಕಾರ" ಆಗಿದ್ದೆ. ಆ ಹೆಸರಿನ ಜಂಬ ನನಗೆ ಕಡಿಮೆ ಇರಲಿಲ್ಲ, ಸುಳ್ಳೇಕೆ ಹೇಳಲಿ.

ಸಾಬಣ್ಣ ಆ ಮಂದಿಯಲ್ಲೊಬ್ಬ. ಸುರಪುರದ ಕಡೆಯವನು, ನಲವತ್ತೈದರ ಆಸುಪಾಸು, ಮಾತು ಕಡಿಮೆ. ಔಷಧಿಯ ಪುಡಿ ಬೇಯುವ ದೊಡ್ಡ ಹಂಡೆಗಳ ಶೆಡ್ಡಿನಲ್ಲಿ ಹೆಲ್ಪರ್. ಪಗಾರದ ದಿನ ಅವನು ಮಸಿಯ ಡಬ್ಬಿಗೆ ಹೆಬ್ಬೆಟ್ಟು ಅದ್ದುವುದನ್ನು ಎರಡು ವರ್ಷ ನೋಡಿ ನೋಡಿ ನನಗೆ ರೇಗಿ ಹೋಗಿತ್ತು. "ಏನಪಾ ಇದು, ಮೀಸಿ ಬೆಳ್ಳಗಾಗ್ಲಿಕತ್ತಾವ, ಇನ್ನೂ ಹೆಬ್ಬಟ್ಟ ಒತ್ತತಿ? ನಾಳಿಂದ ಊಟದ ಟೈಮಿನ್ಯಾಗ ಬಾ" ಎಂದು ಬೈದೆ. ಬಂದ. ನಾಲ್ಕು ತಿಂಗಳು, ಹಾಳಾದ ಹಾಜರಿ ಹಾಳೆಗಳ ಹಿಂಬದಿಯಲ್ಲಿ ಒಂದೇ ಹೆಸರು ತಿದ್ದಿದ. ಮೊದಲ ಸಲ ರಿಜಿಸ್ಟರಿನಲ್ಲಿ "ಸಾಬಣ್ಣ" ಎಂದು ಬರೆದ ದಿನ ಅವನು ಪಗಾರ ಎಣಿಸುವುದನ್ನೇ ಮರೆತು ಹೊರಟಿದ್ದ.

ಅವನ ಜೋಡಿ ರಾಮುಲು, ಜಹೀರಾಬಾದಿನ ತೆಲುಗಿನವನು, ಅದೇ ಶೆಡ್ಡಿನ ಆಪರೇಟರ್. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುವವರು. ಇವನ ರೊಟ್ಟಿ, ಅವನ ಹೆಂಡತಿ ಯಾದಮ್ಮ ಕಳಿಸುವ ಪಲ್ಯ. "ಇದು ಪುಂಡಿಪಲ್ಯ" ಎಂದು ಇವನು, "ಗೋಂಗೂರ" ಎಂದು ಅವನು, ದಿನಾ ಜಗಳ. ಒಂದೇ ಸೊಪ್ಪಿಗೆ ಇಷ್ಟು ಕಾದಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವರ್ಷ ಮೇ ತಿಂಗಳ ಕೊನೆಗೆ ಇಬ್ಬರೂ ನನ್ನ ಕಿಟಕಿಗೆ ಬಂದರು. ಅವರ ಕೆಲಸದಲ್ಲಿ ಡ್ರಮ್ಮಿನಿಂದ ಹಂಡೆಗೆ ಅಸಿಟೋನ್ ಸುರಿಯಬೇಕು. ಸುರಿಯುವಾಗ ಡ್ರಮ್ಮಿನಲ್ಲಿ ಹುಟ್ಟುವ ಕರೆಂಟು ಕಿಡಿಯಾಗಿ ಹಾರಬಾರದೆಂದು ಒಂದು ತಾಮ್ರದ ವೈರನ್ನು ಕ್ಲಿಪ್ಪಿನಿಂದ ಡ್ರಮ್ಮಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ನೆಲಕ್ಕೆ ಇಳಿಸಿರುತ್ತಾರೆ. ಆ ವೈರು ಹರಿದುಹೋಗಿತ್ತು. ಸೂಪರ್‌ವೈಸರ್‌ಗೆ ಹೇಳಿದರೆ "ಬರುತ್ತೆ, ಕೆಲಸ ನಡೆಸಿ" ಎಂದಿದ್ದನಂತೆ. "ಕಾಗದದ ಮ್ಯಾಲ ಹಾಕ್ರಿ ಅಕ್ಕಾರ, ಬಾಯಿಮಾತು ಯಾರೂ ಕೇಳವಲ್ರು" ಎಂದ ಸಾಬಣ್ಣ. ಸ್ಟೋರ್ಸಿಗೆ ಕಳಿಸುವ ಬೇಡಿಕೆ ಚೀಟಿಗಳ ಪುಸ್ತಕ ನನ್ನ ಹತ್ತಿರವೇ ಇತ್ತು. ಬರೆದೆ. ಕೇಳಿದವರ ಸಹಿ ಎಂಬ ಜಾಗದಲ್ಲಿ ಸಾಬಣ್ಣ ನಾಲಿಗೆಯ ತುದಿ ಕಚ್ಚಿಕೊಂಡು ತನ್ನ ಹೆಸರು ಬರೆದ. ಮೇಲಿನ ಹಾಳೆ ಹರಿದು ಕಳಿಸಿದೆ, ಕೆಳಗಿನ ಕಾರ್ಬನ್ ಪ್ರತಿ ಪುಸ್ತಕದಲ್ಲಿ ಉಳಿಯಿತು. ಪುಸ್ತಕವನ್ನು ಡ್ರಾಯರಿಗೆ ಹಾಕಿ ಮರೆತೆ.

ಮೃಗಶಿರಾ ಮಳೆನಕ್ಷತ್ರ ಹುಟ್ಟಿದ ದಿನ ಹೈದರಾಬಾದಿನ ಸುತ್ತ ಮನೆಮನೆಯಲ್ಲಿ ಮೀನು. ರಾಮುಲು ಬೆಳಿಗ್ಗೆ ಪಂಚಿಂಗ್ ಮಾಡುವಾಗ ಡಬ್ಬಿ ಎತ್ತಿ ತೋರಿಸಿದ್ದ, "ಚಾಪಲ ಪುಲುಸು, ಮೇಡಂ!" ಮಳೆಯ ಸುಳಿವಿರಲಿಲ್ಲ, ಗಾಳಿ ಒಣಗಿ ಕೂತಿತ್ತು. ಹನ್ನೊಂದು ಗಂಟೆಯ ಸುಮಾರಿಗೆ ಅವರ ಶೆಡ್ಡಿನಿಂದ "ಬುಸ್" ಎಂದು ಒಂದು ಸದ್ದು. ದೊಡ್ಡದೇನಲ್ಲ. ಆಮೇಲೆ ಕೂಗಾಟ, ಗಂಟೆ, ಓಡುವ ಕಾಲುಗಳು. ನಾನು ಹೊರಗೆ ಬರುವಷ್ಟರಲ್ಲಿ ಇಬ್ಬರನ್ನೂ ಆಂಬುಲೆನ್ಸಿಗೆ ಹಾಕಿದ್ದರು. ರಾಮುಲುವನ್ನು ಬೆಂಕಿಯಿಂದ ಎಳೆದದ್ದು ಸಾಬಣ್ಣನಂತೆ, ಬರಿಗೈಯಲ್ಲಿ. ಸಂಜೆ ಧೋ ಎಂದು ಮಳೆ ಸುರಿಯಿತು. ಮೀನಿನ ಡಬ್ಬಿ ಕಟ್ಟೆಯ ಮೇಲೆ ಹಾಗೇ ಇತ್ತು, ಅದನ್ನು ಮುಟ್ಟಲು ಯಾರಿಗೂ ಮನಸ್ಸಾಗಲಿಲ್ಲ.

ಮೂರನೆಯ ದಿನ ರಾಮುಲು ತೀರಿಕೊಂಡ. ನಾಲ್ಕನೆಯ ದಿನ ಕಾರ್ಖಾನೆಯ ಜನರಲ್ ಮ್ಯಾನೇಜರ್ ನನ್ನನ್ನು ಕರೆಸಿದರು. ಎಂದೂ ಕೂರು ಎನ್ನದವರು ಅಂದು ಕುರ್ಚಿ ತೋರಿಸಿದರು. ತೆಲುಗಿನಲ್ಲಿ ಮೆತ್ತಗೆ ಹೇಳಿದರು: ಕಾರ್ಖಾನೆ ತಪಾಸಣೆಯ ಇನ್ಸ್‌ಪೆಕ್ಟರು ಬರುತ್ತಾರೆ, ಕಾರಣ ಕೇಳುತ್ತಾರೆ. ಕ್ಲಿಪ್ ಹಾಕುವುದನ್ನು ಮರೆತೆ ಎಂದು ಸಾಬಣ್ಣ ಒಂದು ಹೇಳಿಕೆ ಕೊಟ್ಟರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ. ಕೊಡದಿದ್ದರೆ ಅವನು ಕಂಟ್ರಾಕ್ಟಿನವನು, ನಮ್ಮ ರೋಲಿನಲ್ಲೇ ಇಲ್ಲ, ದವಾಖಾನೆಯಿಂದ ಇವತ್ತೇ ಹೊರಗೆ ಹಾಕುತ್ತಾರೆ. "ನೀವೇ ಹೋಗಿ ಮೇಡಂ, ನಿಮ್ಮ ಮಾತು ಕೇಳುತ್ತಾನೆ. ನಿಮ್ಮವನಲ್ಲವೇ?"

ವೈರು ಹರಿದದ್ದು ನನಗೆ ಗೊತ್ತಿತ್ತು. ಚೀಟಿ ಬರೆದವಳೇ ನಾನು. ಆದರೂ "ಸರಿ ಸರ್" ಎಂದೆ. ಅವನ ಚಿಕಿತ್ಸೆ ನಿಲ್ಲಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ನನಗೆ ಹೆದರಿಕೆ ಆಗಿತ್ತು. ಪುಕ್ಕಲು ಎನ್ನುವ ಮಾತನ್ನು ಊರಿಗೆಲ್ಲ ಹಂಚುತ್ತಿದ್ದ ನನ್ನ ನಾಲಿಗೆಗೆ ಅಂದು ನನ್ನನ್ನು ಹಾಗೆ ಕರೆಯಲು ಧೈರ್ಯ ಬರಲಿಲ್ಲ.

ದವಾಖಾನೆಯಲ್ಲಿ ಸಾಬಣ್ಣನ ಎರಡೂ ಕೈಗೆ ಮೊಣಕೈವರೆಗೆ ಪಟ್ಟಿ. ಎಡಗೈಯ ಬೆರಳುಗಳ ತುದಿಗಳು ಮಾತ್ರ ಹೊರಗಿದ್ದವು. ಹಾಸಿಗೆಯ ಪಕ್ಕದಲ್ಲಿ ಅವನ ಹೆಂಡತಿ ಬಸಮ್ಮ. ಕಟ್ಟಡದ ಕೆಲಸದವಳು, ಸೆರಗಿಗೆ ಸಿಮೆಂಟು ಹತ್ತಿತ್ತು. ಮ್ಯಾನೇಜರ್ ಬಾಗಿಲ ಹೊರಗೆ ಫೋನು ನೋಡುತ್ತ ನಿಂತಿದ್ದರು. ಅವರು ಹೇಳಿದ್ದನ್ನೆಲ್ಲ, ಹೊರಗೆ ಹಾಕುವ ಮಾತನ್ನೂ ಸೇರಿಸಿ, ಸಾಬಣ್ಣನಿಗೆ ಹೇಳಿದೆ.

"ನಾ ಮರತಿಲ್ರಿ ಅಕ್ಕಾರ" ಎಂದ ಸಾಬಣ್ಣ. "ಮರಿಯಾಕ ವೈರರ ಇರಬೇಕಲ್ರಿ. ನೀವ ಚೀಟಿ ಬರದಿರಿ."

"ಗೊತ್ತದ ಸಾಬಣ್ಣ."

"ಗೊತ್ತಿದ್ದೂ ಕೇಳಾಕತ್ತೀರಿ?"

ಅಲ್ಲಿಗಾದರೂ ಎದ್ದು ಬರಬೇಕಿತ್ತು. ಬರಲಿಲ್ಲ. ಅವನಿಗೆ ಇಲ್ಲ ಎನ್ನಲಾಗದ ಒಂದು ಮಾತು ನನ್ನ ಹತ್ತಿರವಿತ್ತು, ಅದನ್ನು ತೆಗೆದೆ. ನಮ್ಮ ಕಡೆ ಹಳ್ಳಿಗಳಲ್ಲಿ "ದೈವ" ಎಂದರೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂಡುವ ಊರ ಹಿರಿಯರು. ಜಗಳವಾದವರು ಅವರ ಮುಂದೆ ನಿಲ್ಲುತ್ತಾರೆ. ಒಬ್ಬ "ತಪ್ಪಾತು" ಎಂದರೆ ಕಾಯಿ ಒಡೆದು ಕಲ್ಲುಸಕ್ಕರೆ ಹಂಚುತ್ತಾರೆ. ಅಲ್ಲಿಂದಾಚೆಗೆ ಆ ಮಾತನ್ನು ಯಾರೂ ಎತ್ತುವಂತಿಲ್ಲ, ಎತ್ತಿದವನದೇ ತಪ್ಪು. ಎಷ್ಟೋ ಸಲ ತಪ್ಪಿಲ್ಲದವನೇ ಊರ ಶಾಂತಿಗೆಂದು ತಲೆಬಾಗಿ ಎದ್ದು ಹೋದದ್ದುಂಟು, ಅದರಿಂದ ಅವನ ಮರ್ಯಾದೆಯೇನೂ ಕಡಿಮೆಯಾಗುತ್ತಿರಲಿಲ್ಲ.

"ಊರಾಗ ದೈವದ ಮುಂದ ಹೆಂಗ ಅಂತಾರೋ ಹಂಗ ಅಂದುಬಿಡು ಸಾಬಣ್ಣ" ಎಂದೆ. "ತಪ್ಪಾತು ಅನ್ನು, ಮುಗೀತು. ಪೊಲೀಸರು ಬರಂಗಿಲ್ಲ. ಕೆಲಸ ಹೋಗಂಗಿಲ್ಲ. ದವಾಖಾನಿದು ಕಂಪನಿ ನೋಡ್ಕೋತದ. ನಾ ಭಾಷೆ ಕೊಡ್ತೀನಿ." ಕೊಡುತ್ತೀನಿ ಎಂದದ್ದಷ್ಟೇ ಅಲ್ಲ, ಪಟ್ಟಿ ಕಟ್ಟಿದ ಕೈಯ ಮೇಲೆ ಕೈಯನ್ನೂ ಇಟ್ಟೆ.

ಅವನು ಬಸಮ್ಮನ ಕಡೆ ನೋಡಿದ. ಆಮೇಲೆ ನನ್ನ ಕಡೆ. "ಕಾಗದದಾಗ ಏನ ಬರೀತೀರೋ ನಂಗ ಗೊತ್ತಿಲ್ರಿ. ನೀವು ಭಾಷೆ ಕೊಟ್ರಿ, ಸಾಕು. ತಪ್ಪಾತು ಅಂತ ಬರಕೋರಿ" ಎಂದ.

ಬರೆದೆ. ಸಹಿ ಹಾಕಲು ಬಲಗೈ ಇರಲಿಲ್ಲ. ಬ್ಯಾಗಿನಿಂದ ಮಸಿಯ ಡಬ್ಬಿ ತೆಗೆದೆ, ಹೌದು, ತಂದಿದ್ದೆ, ಅಷ್ಟು ತಯಾರಾಗಿಯೇ ಹೋಗಿದ್ದೆ. ಅವನ ಎಡಗೈಯ ಹೆಬ್ಬೆಟ್ಟನ್ನು ಹಿಡಿದು ಒತ್ತಿಸಿದೆ. ಹೆಬ್ಬೆಟ್ಟು ಒತ್ತಬೇಡ ಎಂದು ನಾಲ್ಕು ತಿಂಗಳು ಪಾಠ ಹೇಳಿದ ಅದೇ ಕೈಯಿಂದ. ನರ್ಸಿನ ಹತ್ತಿರ ಸ್ಪಿರಿಟ್ ಹತ್ತಿ ಕೇಳಿ ಮಸಿ ಒರೆಸಿದೆ. ಪೂರ್ತಿ ಹೋಗಲಿಲ್ಲ.

ಹದಿನೈದು ದಿನಕ್ಕೆ ಆ ಕಾಗದ ಪೊಲೀಸ್ ಸ್ಟೇಷನ್ನಿನಲ್ಲಿತ್ತು. ಬೇಜವಾಬ್ದಾರಿಯಿಂದ ಸಾವಿಗೆ ಕಾರಣನಾದ ಎಂದು ಕೇಸು. ದವಾಖಾನೆಯಿಂದ ಕೂಲಿಯವರ ಬಸ್ತಿಯ ತನ್ನ ಕೋಣೆಗೆ ಬಂದ ಮೂರನೆಯ ದಿನವೇ ಸಾಬಣ್ಣನನ್ನು ಎತ್ತಿಕೊಂಡು ಹೋದರು. ಅವನನ್ನು ಯಾರೂ ಹೊಡೆಯಲಿಲ್ಲ. "ಎಲ್ಲ ಒಪ್ಪಿಕೊಂಡೇ ಬಂದಿದ್ದಾನೆ, ನಮಗೇನು ಕೆಲಸ" ಎಂದು ಪೇದೆಯೊಬ್ಬ ನಕ್ಕನಂತೆ. ಕೆಲಸವೂ ಹೋಯಿತು. ಇನ್ಸ್‌ಪೆಕ್ಟರು ಶೆಡ್ಡಿನಲ್ಲಿ ಹತ್ತು ನಿಮಿಷ ಓಡಾಡಿ ಹೊರಟರು. ಅಷ್ಟರಲ್ಲಿ ಅಲ್ಲಿ ಹೊಸ ವೈರು, ಹೊಸ ಕ್ಲಿಪ್ಪು ಬಂದಿದ್ದವು. ಒಪ್ಪಿಗೆ ಕೈಗೆ ಸಿಕ್ಕ ಮೇಲೆ ಯಾರೂ ನನ್ನ ಡ್ರಾಯರ್ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಮ್ಯಾನೇಜರ್ ಹತ್ತಿರ ಹೋಗಿ, "ಸರ್, ಪೊಲೀಸರಿಗೆ ಕೊಡುವುದಿಲ್ಲ ಅಂದಿದ್ದಿರಿ" ಎಂದೆ. "ನಾನೆಲ್ಲಿ ಅಂದೆ ಮೇಡಂ? ಭಾಷೆ ಕೊಟ್ಟದ್ದು ನೀವಲ್ಲವೇ?" ಎಂದರು. ಬಾಗಿಲ ಹೊರಗೆ ಫೋನು ನೋಡುತ್ತ ನಿಂತವರಿಗೆ ಕನ್ನಡ ಅಷ್ಟು ಅರ್ಥವಾಗಿತ್ತು.

ಮಾರನೆಯ ದಿನ ಮಳೆಯಲ್ಲಿ ಬಸಮ್ಮ ಗೇಟಿನ ಹೊರಗೆ ನಿಂತಿದ್ದಳು. ಒಳಗೆ ಬಿಡುತ್ತಿರಲಿಲ್ಲ. ಸಂಜೆ ಕಂಪನಿ ಬಸ್ಸು ಹತ್ತಲು ಹೊರಟ ನನ್ನ ಮುಂದೆ ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಅಕ್ಕಾರ, ಜೈಲಿಂದ ಅಂವ ಒಂದ ಮಾತ ಹೇಳಿ ಕಳಿಸ್ಯಾನ್ರಿ. ಜೈಲಾಗ ಇರತೀನಿ, ಅದೇನ ಭಾಳಲ್ಲ. ಯಾದಮ್ಮ ನನ್ನ ಮಾರಿ ನೋಡವಲ್ಲಳು. ನಾನ ಆಕಿ ಗಂಡನ್ನ ಕೊಂದೆ ಅಂತ ತಿಳಕೊಂಡಾಳ. ಆಕಿಗರ ಒಂದ ಮಾತ ಖರೇ ಹೇಳ್ರಿ ಅಂದಾನ್ರಿ."

"ಹೇಳ್ತೀನಿ ಬಸಮ್ಮ" ಎಂದೆ.

ಹೇಳಲಿಲ್ಲ. ಯಾದಮ್ಮನಿಗೆ ಹೇಳಿದರೆ ಊರಿಗೆ ಹೇಳಿದಂತೆ, ಊರಿಗೆ ಹೇಳಿದರೆ ಮ್ಯಾನೇಜರಿಗೆ ಹೇಳಿದಂತೆ. ದಸರಾ ಮುಗಿಯುವಷ್ಟರಲ್ಲಿ ನನಗೆ ಗಚ್ಚಿಬೌಲಿಯ ಹೆಡ್ ಆಫೀಸಿಗೆ ವರ್ಗವಾಯಿತು. ಮನೆಯಿಂದ ಹದಿನೈದು ನಿಮಿಷ, ಎ.ಸಿ., ತಿರುಗುವ ಕುರ್ಚಿ, ವಾಸನೆಯೇ ಇಲ್ಲದ ಗಾಳಿ. ಯಾಕೆ ಕೊಟ್ಟರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಟೈಂ ಆಫೀಸಿನ ಡ್ರಾಯರ್ ಖಾಲಿ ಮಾಡುವಾಗ ಚೀಟಿ ಪುಸ್ತಕ ಕೈಗೆ ಬಂತು, ಬ್ಯಾಗಿಗೆ ಹಾಕಿಕೊಂಡೆ. ಮನೆಯ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಆ ತಿರುಗುವ ಕುರ್ಚಿಯಲ್ಲಿ ಏಳು ತಿಂಗಳು ಕೂತೆ. ಮೆತ್ತಗಿತ್ತು, ಅದನ್ನೂ ಹೇಳಬೇಕು.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಸ್ರೀನ್ ಎಂಬ ಹುಡುಗಿ ಆಫೀಸಿನ ಕೆಳಗಿನ ಚಹಾದಂಗಡಿಗೆ ನನ್ನನ್ನು ಕರೆಸಿದಳು. ಸರ್ಕಾರದ ಖರ್ಚಿನಲ್ಲಿ ಸಾಬಣ್ಣನ ಪರ ನಿಂತ ವಕೀಲೆ. ಬೇಲು ಕೊಡಿಸಿದವಳೂ ಅವಳೇ. ಕರಿ ಕೋಟು ತೋಳ ಮೇಲೆ, ಬೆವರಿಳಿಯುವ ಮುಖ. ಮಳೆ ಶುರುವಾಗುವ ಹೊತ್ತಿಗೆ ನನ್ನ ಸಾಕ್ಷಿ ಎಂದು ಹೇಳಿದಳು. ಸರ್ಕಾರದ ಕಡೆಯ ಸಾಕ್ಷಿ ನಾನು. ಹೇಳಿಕೆ ಬರೆದುಕೊಂಡವಳು.

"ಮೇಡಂ, ಪೊಲೀಸರು ಹೊಡೆದು ಬರೆಸಿಕೊಂಡಿದ್ದರೆ ನನಗೆ ಕೆಲಸ ಸುಲಭ" ಎಂದಳು, ಅವಳ ಹೈದರಾಬಾದಿ ಹಿಂದಿಯಲ್ಲಿ. "ಪೊಲೀಸರ ಮುಂದೆ ಒಪ್ಪಿದ್ದನ್ನು ಕೋರ್ಟು ಕಿವಿಗೇ ಹಾಕಿಕೊಳ್ಳುವುದಿಲ್ಲ. ಆದರೆ ಆಪ್ ಕಾ ಬಯಾನ್ ಮೀಠಾ ಹೈ. ಸಿಹಿ ಹೇಳಿಕೆ. ಪೊಲೀಸಿಲ್ಲ, ಲಾಠಿಯಿಲ್ಲ. ಅವನ ಊರ ಕಡೆಯ ಅಕ್ಕ ಕೇಳಿದಳು, ಅವನು ಹೇಳಿದ. ಇದನ್ನು ಒಡೆಯುವುದು ನನ್ನಿಂದಾಗದು. ಮೇಲಿನವರು ಹೆದರಿಸಿ, ಆಸೆ ತೋರಿಸಿ ಪಡೆದ ಒಪ್ಪಿಗೆ ನಡೆಯಬಾರದು ಎಂದು ಕಾನೂನಿದೆ. ಆದರೆ ಹೆದರಿಸಿದ್ದು, ಆಸೆ ತೋರಿಸಿದ್ದು ಹೌದೆಂದು ಯಾರು ಹೇಳಬೇಕು?"

ನಾನು ಮೊಂಡುವಾದಕ್ಕೆ ಇಳಿದೆ. "ಅಕಸ್ಮಾತ್ ಅವನು ನಿಜವಾಗಲೂ ಮರೆತಿದ್ದರೆ? ಆಗಲೂ ಈ ಕಾಗದ ಬೇಡವೇ? ನಿಜ ನಿಜವೇ ಅಲ್ಲವೇ, ಹೇಗೆ ಬಂದರೇನು?"

ಅವಳು ಚಹಾದ ಲೋಟ ಕೆಳಗಿಟ್ಟಳು. "ಆಗಲೂ ಬೇಡ ಮೇಡಂ. ಹೀಗೆ ಬಂದದ್ದು ನಡೆಯುತ್ತದೆ ಅಂತಾದರೆ, ನಾಳೆಯಿಂದ ಯಾರೂ ವೈರು ಹುಡುಕಲು ಹೋಗುವುದಿಲ್ಲ. ದವಾಖಾನೆಗೆ ಹೋಗಿ ಒಬ್ಬ ಬಡವನನ್ನು ಹುಡುಕುತ್ತಾರೆ, ಅಷ್ಟೇ."

ಮನೆಗೆ ಬಂದೆ. ಸೇಡಂ ಹತ್ತಿರದ ಹಳ್ಳಿಯಲ್ಲಿ ದೈವದ ಕಟ್ಟೆಯ ಮೇಲೆ ಕೂರುತ್ತಿದ್ದ ನಮ್ಮಜ್ಜ ನೆನಪಾದ. ದವಾಖಾನೆಯಲ್ಲಿ ಸಾಬಣ್ಣನಿಗೆ ನಾನು ದೈವದ ರೀತಿ ಹೇಳಿದೆನಲ್ಲ, ಅದರಲ್ಲಿ ಅರ್ಧ ನುಂಗಿದ್ದೆ. ಯಾರಾದರೂ ತಪ್ಪಾತು ಎಂದ ಕೂಡಲೇ ಅಜ್ಜ ಕಾಯಿ ಒಡೆಯಲು ಬಿಡುತ್ತಿರಲಿಲ್ಲ. ಮೊದಲು ಆ ಮನುಷ್ಯನನ್ನು ಹತ್ತಿರ ಕರೆದು ಎಲ್ಲರಿಗೂ ಕೇಳುವಂತೆ, "ಯಾರರ ಅಂಜಿಸಿ ಹೇಳಸ್ಯಾರೇನೊ?" ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಮಾತ್ರ ಕಾಯಿ. ಒಮ್ಮೆ ಒಬ್ಬ ಉತ್ತರ ಕೊಡದೆ ಗೌಡರ ಮಗನ ಕಡೆ ನೋಡಿದ್ದಕ್ಕೆ, ಅಜ್ಜ ಕಾಯನ್ನು ಪಂಚೆಯಲ್ಲಿ ಸುತ್ತಿಕೊಂಡು ಮನೆಗೆ ಬಂದಿದ್ದ. ಕಾನೂನು ಓದದ ಮುದುಕ. ಆ ಪ್ರಶ್ನೆ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ದವಾಖಾನೆಯಲ್ಲಿ ಅದು ಬೇಡವಾಗಿತ್ತು, ಅದಕ್ಕೇ ಬಿಟ್ಟಿದ್ದೆ.

ಸಾಕ್ಷಿಗೆ ಎರಡು ದಿನ ಮುಂಚೆ ಮ್ಯಾನೇಜರ್ ಹೆಡ್ ಆಫೀಸಿಗೇ ಬಂದರು. "ಎರಡೇ ವಾಕ್ಯ ಮೇಡಂ. ಅವನು ತಾನಾಗಿ ಹೇಳಿದ, ನಾನು ಹೇಳಿದಂತೆ ಬರೆದೆ. ಆಮೇಲೆ ನೀವು ನಮ್ಮವರು." ಮನೆಯಲ್ಲಿ ನನ್ನ ಗಂಡ, ಪಾಪದ ಮನುಷ್ಯ, ಪೇಪರಿನಿಂದ ತಲೆ ಎತ್ತದೆ, "ಊರ ಉಸಾಬರಿ ನಿನಗ್ಯಾಕ? ಆ ಎರಡು ಮಾತು ಅಂದು ಬಂದುಬಿಡು" ಎಂದ. "ಊರ ಉಸಾಬರಿ ಅಲ್ರಿ ಇದು, ನಂದು" ಎಂದೆ. ಅವನು ಪೇಪರು ಮಡಚಿ ನನ್ನನ್ನು ನೋಡಿದ.

ಸಂಗಾರೆಡ್ಡಿಯ ಕೋರ್ಟಿನ ವರಾಂಡ ಮಳೆಯಿಂದ ಒದ್ದೆಯಾಗಿತ್ತು. ಒಂದು ತುದಿಯಲ್ಲಿ ಸಾಬಣ್ಣ, ಬಸಮ್ಮ. ಇನ್ನೊಂದು ತುದಿಯಲ್ಲಿ ಯಾದಮ್ಮ, ಅವರಿಗೆ ಬೆನ್ನು ಹಾಕಿ ಕೂತಿದ್ದಳು. ಸಾಬಣ್ಣನ ಕೈಗಳ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿದುಕೊಂಡಿತ್ತು. ಅವನು ನನ್ನನ್ನು ಕಂಡು ಎದ್ದು ನಿಂತ, ಹಳೆಯ ರೂಢಿಯಂತೆ. ನಾನು ತಲೆ ತಗ್ಗಿಸಿ ಒಳಗೆ ಹೋದೆ. ಬ್ಯಾಗಿನಲ್ಲಿ ಪುಸ್ತಕವಿತ್ತು. ಅದನ್ನು ತೆಗೆಯುತ್ತೇನೋ ಇಲ್ಲವೋ ಕಟಕಟೆ ಹತ್ತುವವರೆಗೆ ನನಗೇ ಗೊತ್ತಿರಲಿಲ್ಲ.

ಮ್ಯಾನೇಜರ್ ಎರಡನೆಯ ಸಾಲಿನಲ್ಲಿ ಕೂತಿದ್ದರು. ಸರ್ಕಾರಿ ವಕೀಲರು ಕಾಗದವನ್ನು ನನ್ನ ಕೈಗೆ ಕೊಟ್ಟರು. ಬರಹ ನಿಮ್ಮದೇ? ಹೌದು. ಹೆಬ್ಬೆಟ್ಟು ಯಾರದು? ಸಾಬಣ್ಣನದು.

ಮ್ಯಾಜಿಸ್ಟ್ರೇಟರು ಕನ್ನಡಕ ಸರಿಪಡಿಸಿಕೊಂಡು ಫೈಲು ತಿರುವಿದರು. "ವಕಾಲತ್ತಿನ ಮೇಲೆ ಈತ ಸಹಿ ಮಾಡಿದ್ದಾನಲ್ಲ. ಇಲ್ಲಿ ಹೆಬ್ಬೆಟ್ಟು ಯಾಕೆ?"

"ಬಲಗೈ ಸುಟ್ಟಿತ್ತು ಸರ್. ಆತನಿಗೆ ಸಹಿ ಬರುತ್ತದೆ. ಕಲಿಸಿದ್ದು ನಾನೇ" ಎಂದೆ ತೆಲುಗಿನಲ್ಲಿ.

ಸರ್ಕಾರಿ ವಕೀಲರು ಅವಸರದಲ್ಲಿದ್ದರು. "ಈ ಹೇಳಿಕೆಯನ್ನು ಆತ ಸ್ವಂತ ಇಚ್ಛೆಯಿಂದ, ಯಾವ ಒತ್ತಾಯವೂ ಇಲ್ಲದೆ ಕೊಟ್ಟ. ಸರಿಯಲ್ಲವೇ?"

ಫ್ಯಾನು ತಿರುಗುತ್ತಿತ್ತು. ಟೈಪ್ ಮಾಡುವವನು ನನ್ನ ಬಾಯಿಯನ್ನೇ ನೋಡುತ್ತ ಬೆರಳು ಎತ್ತಿ ಹಿಡಿದಿದ್ದ. ಬಾಗಿಲ ಹತ್ತಿರ ಯಾದಮ್ಮ ಬಂದು ನಿಂತಿದ್ದಳು.

"ಕಾದು ಸರ್" ಎಂದೆ. ಅಲ್ಲ ಸರ್.

ಅವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಅಲ್ಲ ಎಂದೆ. ಆಮೇಲೆ ತಡೆಯಲಾಗಲಿಲ್ಲ. ದವಾಖಾನೆಯಿಂದ ಹೊರಗೆ ಹಾಕುತ್ತೇವೆ ಎಂದದ್ದು, ಪೊಲೀಸರು ಬರುವುದಿಲ್ಲ ಎಂದು ನಾನು ಕೈ ಇಟ್ಟು ಭಾಷೆ ಕೊಟ್ಟದ್ದು, ಬಾಗಿಲಲ್ಲಿ ಯಾರು ನಿಂತಿದ್ದರು ಎಂಬುದು, ಮಸಿಯ ಡಬ್ಬಿ ನಾನೇ ತಂದದ್ದು, ಎಲ್ಲ ಹೇಳಿದೆ. ಸರ್ಕಾರಿ ವಕೀಲರು ಕೆಂಪಾದರು. ಸಾಕ್ಷಿ ತಿರುಗಿಬಿದ್ದಿದ್ದಾಳೆ, ತಾವೇ ಪಾಟೀಸವಾಲು ಮಾಡುತ್ತೇವೆಂದು ಅನುಮತಿ ಪಡೆದು ನನ್ನ ಕಡೆ ತಿರುಗಿದರು. "ಹಾಗಾದರೆ ನೀವು ಸುಳ್ಳುಗಾರ್ತಿ. ಅಂದು ಬರೆದದ್ದು ಸುಳ್ಳೋ, ಇಂದು ಹೇಳುತ್ತಿರುವುದು ಸುಳ್ಳೋ?"

"ಅಂದಿನದು" ಎಂದೆ. "ವೈರು ಹರಿದಿದೆ ಎಂದು ಬೆಂಕಿ ಬೀಳುವ ಎರಡು ವಾರ ಮೊದಲೇ ನನಗೆ ಗೊತ್ತಿತ್ತು. ಬೆಂಕಿಯಲ್ಲಿ ತೀರಿಹೋದ ರಾಮುಲು, ಸಾಬಣ್ಣ ಇಬ್ಬರೂ ಕೂಡಿ ಬಂದು ಚೀಟಿ ಬರೆಸಿದ್ದರು." ಪುಸ್ತಕ ತೆಗೆದು ಕೊಟ್ಟೆ. ನಸ್ರೀನ್ ಎದ್ದು ನಿಂತು ಅದನ್ನು ಸಾಕ್ಷ್ಯವಾಗಿ ಗುರುತಿಸಬೇಕೆಂದು ಕೇಳಿಕೊಂಡಳು. ಮ್ಯಾಜಿಸ್ಟ್ರೇಟರು ಕಾರ್ಬನ್ ಪ್ರತಿಯನ್ನು ಬೆಳಕಿಗೆ ಹಿಡಿದರು. ನೀಲಿ ಮಸಿಯಲ್ಲಿ, ಒಂದು ಅಕ್ಷರ ಮೇಲೆ ಒಂದು ಕೆಳಗೆ, ಸಾಬಣ್ಣನ ಹೆಸರು. ನಾನು ತಿರುಗಿ ನೋಡಿದಾಗ ಎರಡನೆಯ ಸಾಲಿನ ಕುರ್ಚಿ ಖಾಲಿಯಾಗಿತ್ತು.

ಹೊರಗೆ ಬಂದು ಒಂದು ಕಂಬದ ಪಕ್ಕ ನಿಂತೆ. ಯಾದಮ್ಮ ನನ್ನ ಪಕ್ಕದಲ್ಲೇ ಹಾದುಹೋದಳು, ನನ್ನನ್ನು ನೋಡಲಿಲ್ಲ. ವರಾಂಡದ ಆ ತುದಿಗೆ ಹೋಗಿ ಸಾಬಣ್ಣನ ಮುಂದೆ ನಿಂತಳು. ಒಂದು ವರ್ಷ ಮಾತಾಡದವಳು ಅವನ ಸುಟ್ಟ ಕೈಗಳನ್ನೇ ನೋಡಿದಳು. ಕೊನೆಗೆ, "ತಿನ್ನವಾ ಅನ್ನಾ?" ಎಂದಳು. ಉಂಡೆಯೇನಣ್ಣ ಎಂದು ಕೇಳಿದಳು, ಅಷ್ಟೇ. ಸಾಬಣ್ಣ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ನಾನೂ ಅತ್ತೆ, ಕಂಬದ ಹಿಂದೆ ನಿಂತು.

ಕೆಲಸ ಅವರು ತೆಗೆಯುವ ಮೊದಲೇ ನಾನು ಬಿಟ್ಟೆ. ಒಂದೂವರೆ ತಿಂಗಳ ನಂತರ ತೀರ್ಪಿನ ದಿನ ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ, ಆದರೂ ಬಸ್ಸು ಹಿಡಿದು ಹೋದೆ. ಹೆದರಿಸಿ, ಆಸೆ ತೋರಿಸಿ ಪಡೆದ ಆ ಕಾಗದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದನ್ನು ಬಿಟ್ಟರೆ ಇವನ ಮೇಲೆ ಬೇರೇನೂ ಇಲ್ಲ ಎಂದು ಮ್ಯಾಜಿಸ್ಟ್ರೇಟರು ಓದಿ ಹೇಳಿ ಸಾಬಣ್ಣನನ್ನು ಬಿಟ್ಟರು. ವೈರು ಯಾಕೆ ಬರಲಿಲ್ಲ ಎಂದು ಕೇಳುವ ಕೇಸು ಆಮೇಲೆ ಶುರುವಾಯಿತು. ಅದು ಇನ್ನೂ ನಡೆಯುತ್ತಿದೆ, ಕರೆದಾಗ ಹೋಗಿ ಹೇಳಿ ಬರುತ್ತೇನೆ.

ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಸಾಬಣ್ಣ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಬಸಮ್ಮ ಬಸ್ಸಿನ ಹೊತ್ತು ಕೇಳಲು ಹೋಗಿದ್ದಳು. ಸಣ್ಣಗೆ ಮಳೆ ಹನಿಯುತ್ತಿತ್ತು. ಅವನ ಮುಂದೆ ಒಂದು ತಟ್ಟೆಯಲ್ಲಿ ಉಸ್ಮಾನಿಯಾ ಬಿಸ್ಕತ್ತು. ನನ್ನನ್ನು ಕಂಡು ಏಳಲು ಹೋದ. ಕೂರು ಎಂದೆ. ನಾನು ಕೂರಲಿಲ್ಲ.

"ತಪ್ಪಾತು ಸಾಬಣ್ಣ" ಎಂದೆ.

ಅವನು ನನ್ನ ಹಿಂದೆ ರಸ್ತೆಯ ಕಡೆ ನೋಡಿದ, ಯಾರಾದರೂ ನಿಂತಿದ್ದಾರೋ ಎಂಬಂತೆ. ಆಮೇಲೆ ನನ್ನ ಮುಖ ನೋಡಿದ.

"ಯಾರರ ಅಂಜಿಸಿ ಹೇಳಸ್ಯಾರೇನ್ರಿ ಅಕ್ಕಾರ?"

ಅಜ್ಜನ ಮಾತು. ಅವನ ಊರಲ್ಲೂ ಅದನ್ನೇ ಕೇಳುತ್ತಿದ್ದರು, ಕೇಳದೇ ಇರುತ್ತಾರೆಯೇ. ಅಂದು ದವಾಖಾನೆಯ ಹಾಸಿಗೆಯ ಮೇಲೆ ನಾನು ಅದನ್ನು ಕೇಳಲಿ ಎಂದು ಅವನು ಕಾದಿರಬೇಕು. ನಾನು ಕೇಳಿರಲಿಲ್ಲ.

"ಇಲ್ಲ" ಎಂದೆ. "ಯಾರೂ ಇಲ್ಲ ಸಾಬಣ್ಣ. ನಾನಾಗೇ ಹೇಳ್ಲಿಕತ್ತೀನಿ."

ಅವನು ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದುಕೊಂಡ. ಬಿಗಿದ ಬೆರಳುಗಳು ಒಮ್ಮೆಗೇ ಮಡಚಲಿಲ್ಲ, ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಮುರಿದು, ಅರ್ಧವನ್ನು ನನ್ನ ಕಡೆ ಚಾಚಿದ.

"ಹಂಗಾದ್ರ ತಗೋರಿ" ಎಂದ.